ಹೆಸರು ಬಿಟ್ಟುಹೋದ ಪುಟಗಳು: ಅಟ್ಲಾಂಟಾ ನಗರದ ಸ್ಥಳೀಯ ಚರಿತ್ರೆಯ ಶೋಧ



ಸ್ಥಳೀಯ ಚರಿತ್ರೆಯನ್ನು ಹುಡುಕುವ ಬಗೆಯ ಮೇಲೆ ಮಾತಾಡಬೇಕೆಂದು ಈ ಸಲ ನನಗೆ ಹೇಳಿದ್ದೀರಿ. ಸಂಶೋಧನಾ ವಿಧಾನವನ್ನು ಬರೀ ವಿಧಾನವಾಗಿ ಹೇಳುತ್ತಾ ಹೋದರೆ ಕೇಳುವವರ ಮನಸ್ಸಿಗೆ ಏನೂ ಅಂಟುವುದಿಲ್ಲ. ಆದ್ದರಿಂದ ಒಂದೇ ಊರನ್ನು ಹಿಡಿದುಕೊಂಡು ಹೊರಡುತ್ತೇನೆ. ಆ ಊರು ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ, ಜಾರ್ಜಿಯಾ ರಾಜ್ಯದ ರಾಜಧಾನಿ. ಮೈಸೂರಿನ ಸಭೆಯಲ್ಲಿ ಅಟ್ಲಾಂಟಾದ ಮಾತು ಏಕೆ ಎಂಬುದಕ್ಕೆ ಒಂದು ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅಟ್ಲಾಂಟಾದ ಹುಟ್ಟಿನ ಕಥೆ ಪ್ರವಾಸಿ ಕೈಪಿಡಿಗಳಲ್ಲೂ ಸಿಗುತ್ತದೆ. 1837ರಲ್ಲಿ ರೈಲುಹಳಿಯ ಕೊನೆ ಎಲ್ಲಿ ಎಂದು ಗೊತ್ತುಮಾಡಿ ಒಂದು ಗೂಟ ನೆಟ್ಟರು. ಊರಿಗೆ ಮೊದಲು ಟರ್ಮಿನಸ್ ಎಂದೇ ಹೆಸರು. 1843ರಲ್ಲಿ ಮಾರ್ಥಾಸ್‌ವಿಲ್ ಆಯಿತು, 1845ರಲ್ಲಿ ಅಟ್ಲಾಂಟಾ ಆಯಿತು. ಅಂತರ್ಯುದ್ಧದ ಕಾಲದಲ್ಲಿ, 1864ರ ನವೆಂಬರಿನಲ್ಲಿ, ಜನರಲ್ ಶೆರ್ಮನ್ನನ ಸೇನೆ ಊರಿಗೆ ಬೆಂಕಿಯಿಟ್ಟಿತು. ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ಊರು ರಾಜ್ಯದ ರಾಜಧಾನಿಯಾಯಿತು. ಬೂದಿಯಿಂದೆದ್ದ ಫೀನಿಕ್ಸ್ ಹಕ್ಕಿ ಇವತ್ತಿಗೂ ನಗರದ ಮುದ್ರೆಯಲ್ಲಿದೆ. ಇಷ್ಟು ಹೇಳಿ ನಾನು ಮುಂದೆ ಹೋಗುತ್ತೇನೆ. ಈ ಕಥೆಯಲ್ಲಿ ಊರಿದೆ, ಊರನ್ನು ಕಟ್ಟಿದ ಜನ ಕಾಣುವುದಿಲ್ಲ.

ಜನ ಕಾಣಬೇಕಾದರೆ 1881ರ ಜುಲೈಗೆ ಬರಬೇಕು. ಆ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ಅಂತರರಾಷ್ಟ್ರೀಯ ಹತ್ತಿ ಪ್ರದರ್ಶನ ನಡೆಯಬೇಕಿತ್ತು. ಯುದ್ಧದಲ್ಲಿ ಸೋತ ದಕ್ಷಿಣ ಈಗ ಹೊಸದಾಗಿದೆ, ಬಂಡವಾಳ ಹೂಡಲು ಬನ್ನಿ ಎಂದು ಉತ್ತರದ ಧನಿಕರನ್ನು ಕರೆಯುವ ಸಿದ್ಧತೆ ಜೋರಾಗಿತ್ತು. ಅದೇ ಹೊತ್ತಿಗೆ ಊರಿನ ಕಪ್ಪು ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿದರು. ಆ ಕಾಲದ ಅಟ್ಲಾಂಟಾದಲ್ಲಿ ಕೂಲಿಗೆ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮನೆಗೆಲಸದವರು. ಅಡುಗೆ, ಮಗು ನೋಡಿಕೊಳ್ಳುವುದು, ಬಟ್ಟೆ ಒಗೆಯುವುದು ಬಿಟ್ಟರೆ ಬೇರೆ ಕೆಲಸ ಅವರಿಗೆ ಸಿಗುತ್ತಿರಲಿಲ್ಲ. ಬಿಳಿಯರ ಮನೆಗಳಲ್ಲಿ ಬಡವರೆನ್ನಿಸಿಕೊಂಡವರೂ ಬಟ್ಟೆಯನ್ನು ಹೊರಗೆ ಒಗೆಯಲು ಕೊಡುತ್ತಿದ್ದರು.

ಆ ಕೆಲಸ ಹೇಗಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸೋಮವಾರ ಮನೆಮನೆಗೆ ಹೋಗಿ ಬಟ್ಟೆಯ ಗಂಟು ತರಬೇಕು, ಶನಿವಾರ ಇಸ್ತ್ರಿ ಮಾಡಿದ ಬಟ್ಟೆಯನ್ನು ಹಿಂದಿರುಗಿಸಬೇಕು. ನಡುವಿನ ದಿನಗಳೆಲ್ಲ ನೀರು ಹೊರುವುದು, ಕುದಿಸುವುದು, ತಿಕ್ಕುವುದು, ಜಾಲಿಸುವುದು, ಒಣಗಿಸುವುದು. ಬಾವಿಯಿಂದಲೋ ಹಳ್ಳದಿಂದಲೋ ನೀರನ್ನು ಹೊತ್ತೇ ತರಬೇಕು. ಸೋಪನ್ನು ಕ್ಷಾರದಿಂದ ಮನೆಯಲ್ಲೇ ಕಾಯಿಸಿಕೊಳ್ಳುತ್ತಿದ್ದರು, ಗಂಜಿಯನ್ನು ಗೋಧಿ ಹೊಟ್ಟಿನಿಂದ ತೆಗೆಯುತ್ತಿದ್ದರು. ಬಿಯರ್ ಪೀಪಾಯಿಯನ್ನು ಅರ್ಧಕ್ಕೆ ಕೊಯ್ದರೆ ಅದೇ ತೊಟ್ಟಿ. ಇಸ್ತ್ರಿಪೆಟ್ಟಿಗೆಯ ಕಬ್ಬಿಣ ಒಲೆಯ ಮೇಲೆ ಕಾಯುತ್ತಿರಬೇಕು, ಅದೂ ಜಾರ್ಜಿಯಾದ ಜುಲೈ ತಿಂಗಳ ಧಗೆಯಲ್ಲಿ. ಇಷ್ಟಕ್ಕೆ ತಿಂಗಳಿಗೆ ದಕ್ಕುತ್ತಿದ್ದದ್ದು ನಾಲ್ಕರಿಂದ ಎಂಟು ಡಾಲರ್. ಆದರೂ ಹೆಂಗಸರು ಈ ಕೆಲಸವನ್ನೇ ಇಷ್ಟಪಡುತ್ತಿದ್ದರು. ಒಡತಿಯ ಕಣ್ಣೆದುರಿಗೆ ನಿಲ್ಲದೆ, ತಮ್ಮ ಮನೆಯಂಗಳದಲ್ಲೇ, ಮಕ್ಕಳನ್ನು ನೋಡಿಕೊಳ್ಳುತ್ತ, ನೆರೆಹೊರೆಯವರ ಜೊತೆ ಮಾತಾಡುತ್ತ ಮಾಡಬಹುದಿತ್ತು. ಆ ಅಂಗಳದ ಮಾತಿನಲ್ಲೇ ಸಂಘಟನೆ ಹುಟ್ಟಿತು.

ಸಮ್ಮರ್‌ಹಿಲ್ ಎಂಬ ಕೇರಿಯ ಚರ್ಚೊಂದರಲ್ಲಿ ಇಪ್ಪತ್ತು ಹೆಂಗಸರು ಸೇರಿ ಬಟ್ಟೆ ಒಗೆಯುವವರ ಸಂಘ ಕಟ್ಟಿದರು. ಒಂದು ಡಜನ್ ಪೌಂಡು ಬಟ್ಟೆಗೆ ಒಂದು ಡಾಲರ್ ಬೇಕು, ಈ ದರ ಎಲ್ಲರಿಗೂ ಒಂದೇ ಎಂದರು. ಮನೆಮನೆ ತಿರುಗಿ ಉಳಿದವರನ್ನು ಸೇರಿಸಿಕೊಂಡರು. ಮೂರು ವಾರದಲ್ಲಿ ಇಪ್ಪತ್ತು ಮಂದಿ ಮೂರು ಸಾವಿರವಾದರು. ಪೊಲೀಸರು ಬಂದರು. ಮುಷ್ಕರಕ್ಕೆ ಜನ ಸೇರಿಸಲು ಹೋದಾಗ ಗಲಾಟೆ ಮಾಡಿದರೆಂದು ಕೆಲವರನ್ನು ಹಿಡಿದು ದಂಡ ಹಾಕಿದರು. ಅವರ ಹೆಸರುಗಳು ನಮಗೆ ಗೊತ್ತಿವೆ: ಮಟಿಲ್ಡಾ ಕ್ರಾಫರ್ಡ್, ಸ್ಯಾಲಿ ಬೆಲ್, ಕ್ಯಾರಿ ಜೋನ್ಸ್, ಡೋರಾ ಜೋನ್ಸ್, ಆರ್ಫೀಲಿಯಾ ಟರ್ನರ್, ಸಾರಾ ಕಾಲಿಯರ್. ಉಳಿದವರಿಗೆ ಐದೈದು ಡಾಲರ್, ಸಾರಾ ಕಾಲಿಯರಿಗೆ ಇಪ್ಪತ್ತು. ಆಕೆ ಕಟ್ಟಲಿಲ್ಲ. ಸರಪಳಿ ಹಾಕಿ ದುಡಿಸುವ ಕೈದಿಗಳ ಗುಂಪಿನಲ್ಲಿ ನಲವತ್ತು ದಿನದ ಶಿಕ್ಷೆಯಾಯಿತು.

ಈ ಹೆಸರುಗಳು ನಮಗೆ ಸಿಕ್ಕಿದ್ದು ಹೇಗೆ? ಆ ಹೆಂಗಸರು ದಿನಚರಿ ಬರೆದಿಡಲಿಲ್ಲ. ಸಂಘದ ನಡಾವಳಿ ಪುಸ್ತಕ ಯಾವ ಪತ್ರಾಗಾರಕ್ಕೂ ಸೇರಲಿಲ್ಲ. ಇದನ್ನೆಲ್ಲ ಬರೆದದ್ದು ಅವರ ಮೇಲೆ ಕಿಡಿಕಾರುತ್ತಿದ್ದ ಪತ್ರಿಕೆ, ಬಿಳಿಯರ ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’. ಹೆಂಗಸರನ್ನು ಹಂಗಿಸುವ ಭರದಲ್ಲಿ ಅದು ಅವರ ಹೆಸರು, ಅವರ ಬೇಡಿಕೆ, ಅವರು ಸೇರುತ್ತಿದ್ದ ಜಾಗ ಎಲ್ಲವನ್ನೂ ಅಚ್ಚುಹಾಕಿತು. ನಗರಸಭೆಯು ಇವರನ್ನು ಬಗ್ಗಿಸಲೆಂದು ಸಂಘದ ಪ್ರತಿ ಸದಸ್ಯೆಯ ಮೇಲೂ ವರ್ಷಕ್ಕೆ ಇಪ್ಪತ್ತೈದು ಡಾಲರ್ ಪರವಾನಗಿ ಶುಲ್ಕ ಹಾಕುವ ಮಾತೆತ್ತಿದಾಗ, ಹೆಂಗಸರು ಮೇಯರಿಗೆ ಒಂದು ಕಾಗದ ಬರೆದರು. ಬೇಕಾದರೆ ಶುಲ್ಕ ಕೊಡುತ್ತೇವೆ, ಆದರೆ ಆಗ ಊರಿನ ಬಟ್ಟೆ ಒಗೆಯುವ ದರ ನಮ್ಮ ಕೈಯಲ್ಲಿರುತ್ತದೆ ಎಂಬುದು ಅದರ ಸಾರ. ಆ ಕಾಗದವನ್ನೂ ಅದೇ ಪತ್ರಿಕೆ ಪ್ರಕಟಿಸಿತು. ಶುಲ್ಕದ ಪ್ರಸ್ತಾಪವನ್ನು ನಗರಸಭೆ ಕೊನೆಗೆ ಕೈಬಿಟ್ಟಿತು.

ಇತಿಹಾಸಕಾರ್ತಿ ಟೆರಾ ಹಂಟರ್ 1997ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಮುಷ್ಕರವನ್ನು ಪೂರ್ತಿಯಾಗಿ ಕಟ್ಟಿಕೊಟ್ಟಿದ್ದಾರೆ. ದಕ್ಷಿಣದ ನಗರಗಳ ಚರಿತ್ರೆಯನ್ನು ಓದಬಯಸುವವರಿಗೆ ನಾನು ಮೊದಲು ಕೈಗೆ ಕೊಡುವ ಪುಸ್ತಕ ಅದು. ಹಗೆಯಿಂದ ಬರೆದ ಕಾಗದವನ್ನು ಹೇಗೆ ಓದಬೇಕು ಎಂಬುದನ್ನು ಅದು ಪುಟಪುಟದಲ್ಲೂ ಕಲಿಸುತ್ತದೆ. ಪತ್ರಿಕೆಯ ಬೈಗುಳವನ್ನು ಬದಿಗಿಡಬೇಕು, ಬೈಗುಳಕ್ಕೆ ಕಾರಣವಾದ ಸಂಗತಿಯನ್ನು ಎತ್ತಿಕೊಳ್ಳಬೇಕು. ಆಮೇಲೆ ಆ ಸಂಗತಿಯನ್ನು ಪತ್ರಿಕೆಯ ಜೊತೆ ಸಂಬಂಧವೇ ಇಲ್ಲದ ಇನ್ನೊಂದು ದಾಖಲೆಯ ಪಕ್ಕದಲ್ಲಿಡಬೇಕು.

ಆ ಇನ್ನೊಂದು ದಾಖಲೆ ಸಾಮಾನ್ಯವಾಗಿ ಜನಗಣತಿ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಬರೆದ ಗಣತಿಯ ಮೂಲ ಹಾಳೆಗಳು ಎಪ್ಪತ್ತೆರಡು ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತವೆ. 1950ರ ಹಾಳೆಗಳು 2022ರ ಏಪ್ರಿಲಿನಲ್ಲಿ ತೆರೆದವು. ದಕ್ಷಿಣದ ಯಾವುದೇ ನಗರದ ಮೇಲೆ ಕೆಲಸ ಮಾಡುವವರು ಈ ಹಾಳೆಗಳಲ್ಲಿ ಹಿಂದಕ್ಕೆ ನಡೆಯುತ್ತ 1870ಕ್ಕೆ ಬಂದು ನಿಲ್ಲುತ್ತಾರೆ. ಬಿಡುಗಡೆಯಾದ ಗುಲಾಮರೆಲ್ಲರ ಹೆಸರನ್ನೂ ಬರೆದ ಮೊದಲ ಗಣತಿ ಅದು. ಅದರ ಹಿಂದಿನ 1850 ಮತ್ತು 1860ರಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ. ಯಜಮಾನನ ಹೆಸರು ಮೇಲೆ, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಬರೆಯುವ ಅಂಕಣ ಯಜಮಾನನಿಗೆ ಮಾತ್ರ. ಮೂವತ್ತೈದು ವರ್ಷದ ಹೆಂಗಸು, ಹದಿಮೂರರ ಹುಡುಗ, ನಾಲ್ಕು ತಿಂಗಳ ಕೂಸು ಎಂದು ಸಾಲುಸಾಲಾಗಿ ಓದುತ್ತಾ ಹೋಗಬೇಕು. ಆ ಹಾಳೆಗಳನ್ನು ಮೈಕ್ರೋಫಿಲ್ಮ್ ಯಂತ್ರದಲ್ಲಿ ಮೊದಲ ಸಲ ಉರುಳಿಸಿದಾಗ ನಾನು ಬೇಗನೆ ಮುಂದೆ ಹೋಗಲಾರದೆ ಹೋದೆ. ಒಬ್ಬ ತಾಯಿಯ ಕೆಳಗಿನ ಸಾಲಿನಲ್ಲಿರುವ ಮಗು ಅವಳದೇ ಇರಬಹುದು, ಬೇರೆಯವರದೂ ಇರಬಹುದು, ಹಾಳೆ ಅದನ್ನು ಹೇಳುವುದಿಲ್ಲ. ಮನೆಯಲ್ಲಿರುವವರಿಗೆ ಪರಸ್ಪರ ಏನು ಸಂಬಂಧ ಎಂದು ಕೇಳಿ ಬರೆದುಕೊಂಡದ್ದು 1880ರಿಂದ ಈಚೆಗೆ.

1890ರ ಗಣತಿ ಇನ್ನೊಂದು ಕಂದಕ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡದಲ್ಲಿ ಬೆಂಕಿ ಬಿದ್ದು ಅದರ ಬಹುಭಾಗ ಹಾಳಾಯಿತು. 1880ರಲ್ಲಿ ಕಂಡ ಕುಟುಂಬ ಮುಂದೆ 1900ರಲ್ಲೇ ಸಿಗುವುದು. ನಡುವೆ ಇಪ್ಪತ್ತು ವರ್ಷ. ಗುಲಾಮಗಿರಿಯಿಂದ ಬಿಡುಗಡೆಯಾದ ತಲೆಮಾರು ಮನೆ ಕಟ್ಟಿದ್ದು, ಚರ್ಚು ಕಟ್ಟಿದ್ದು, ಮಕ್ಕಳನ್ನು ಶಾಲೆಗೆ ಸೇರಿಸಿದ್ದು ಈ ಇಪ್ಪತ್ತು ವರ್ಷಗಳಲ್ಲಿ. ಈ ಕಂದಕ ದಾಟಲು ಇರುವ ಹಲಗೆ ಎಂದರೆ ನಗರ ಡೈರೆಕ್ಟರಿ. ಟೆಲಿಫೋನು ಬರುವ ಮೊದಲೇ ಖಾಸಗಿಯವರು ಮನೆಮನೆಗೆ ತಿರುಗಿ ಹೆಸರು, ಕಸುಬು, ಬೀದಿ ಬರೆದುಕೊಂಡು ಅಚ್ಚುಹಾಕಿಸಿ ವ್ಯಾಪಾರಿಗಳಿಗೆ ಮಾರುತ್ತಿದ್ದರು. ದಕ್ಷಿಣದ ಡೈರೆಕ್ಟರಿಗಳಲ್ಲಿ ಕಪ್ಪು ಜನರ ಹೆಸರಿನ ಮುಂದೆ ಒಂದು ‘ಸಿ’ ಅಕ್ಷರವೋ ನಕ್ಷತ್ರದ ಗುರುತೋ ಇರುತ್ತದೆ. ಬೇರ್ಪಡಿಸಲೆಂದೇ ಹಾಕಿದ ಆ ಗುರುತು ಇವತ್ತು ನಮಗೆ ಒಂದು ಕೇರಿಯನ್ನು ಬೀದಿಬೀದಿಯಾಗಿ ಮತ್ತೆ ಬಿಡಿಸಿಕೊಡುತ್ತದೆ. ಒಬ್ಬ ಕ್ಷೌರಿಕ ಯಾವ ವರ್ಷ ಬಾಡಿಗೆ ಕೋಣೆಯಿಂದ ಸ್ವಂತ ಅಂಗಡಿಗೆ ಹೋದ, ಯಾವ ವರ್ಷ ಅವನ ಹೆಸರು ಹೋಗಿ ಹೆಂಡತಿಯ ಹೆಸರು ವಿಧವೆ ಎಂಬ ಮಾತಿನೊಡನೆ ಬಂತು, ಎಲ್ಲವೂ ಅಲ್ಲಿ ಗೊತ್ತಾಗುತ್ತದೆ.

ಡೈರೆಕ್ಟರಿಯಲ್ಲಿ ಸಿಕ್ಕ ವಿಳಾಸವನ್ನು ಸ್ಯಾನ್‌ಬಾರ್ನ್ ನಕ್ಷೆಯ ಮೇಲೆ ಇಡಬೇಕು. ಇವು ಬೆಂಕಿವಿಮೆ ಕಂಪನಿಗಳಿಗಾಗಿ ತಯಾರಾದ ನಕ್ಷೆಗಳು, ಐವತ್ತು ಅಡಿಗೆ ಒಂದು ಅಂಗುಲದ ಅಳತೆಯವು. ಅಟ್ಲಾಂಟಾಕ್ಕೆ 1886, 1892, 1899, 1911ರ ನಕ್ಷೆಗಳಿವೆ. ಇಟ್ಟಿಗೆಯ ಕಟ್ಟಡಕ್ಕೆ ನಸುಗೆಂಪು, ಮರದ ಮನೆಗೆ ಹಳದಿ, ಕಲ್ಲಿನದಕ್ಕೆ ನೀಲಿ. ಎಷ್ಟು ಅಂತಸ್ತು, ಚಾವಣಿಗೆ ಏನು ಹೊದಿಸಿದ್ದಾರೆ, ನೀರಿನ ಕೊಳವೆ ಎಷ್ಟು ಅಂಗುಲದ್ದು, ಎಲ್ಲಿಗೆ ಬಂದು ನಿಂತಿದೆ ಎಂಬುದೂ ಇದೆ. ವಿಮೆಯವರಿಗೆ ಬೇಕಾಗಿದ್ದದ್ದು ಬೆಂಕಿಯ ಅಪಾಯದ ಲೆಕ್ಕ. ನಮಗೆ ಸಿಗುವುದು ಒಂದು ಕೇರಿಯ ಬದುಕು: ಪೇಟೆಯ ನಸುಗೆಂಪು ಮುಗಿದು ಹಳದಿ ಒತ್ತೊತ್ತಾಗಿ ಶುರುವಾಗುವ ಗೆರೆ, ದೊಡ್ಡ ಮನೆಗಳ ಹಿತ್ತಿಲ ಓಣಿಯಲ್ಲಿ ಸಾಲಾಗಿ ನಿಂತ ಒಂದಂಕಣದ ಮನೆಗಳು. ಇವತ್ತು ಆ ಜಾಗಗಳಿಗೆ ನಡೆದುಹೋದರೆ ಬಹಳ ಕಡೆ ಹೆದ್ದಾರಿ ಸಿಗುತ್ತದೆ. 1950–60ರ ದಶಕಗಳಲ್ಲಿ ಹೆದ್ದಾರಿಗೆ, ಕ್ರೀಡಾಂಗಣಕ್ಕೆ, ಸಭಾಭವನಕ್ಕೆ ಎಂದು ಕೇರಿಗಳನ್ನೇ ಕೆಡವಿದರು. ಬಟರ್‌ಮಿಲ್ಕ್ ಬಾಟಮ್ ಎಂಬ ಕೇರಿ ಹಾಗೇ ಹೋಯಿತು. ಕಪ್ಪು ಜನರ ವ್ಯಾಪಾರದ ಬೆನ್ನೆಲುಬಾಗಿದ್ದ ಆಬರ್ನ್ ಅವೆನ್ಯೂವನ್ನು ಹೆದ್ದಾರಿ ನಡುವೆ ಸೀಳಿಕೊಂಡು ಹೋಗಿದೆ.

ವಿದ್ಯಾರ್ಥಿಗಳಿಗೆ ನಾನು ಮತ್ತೆಮತ್ತೆ ಹೇಳುವುದೊಂದಿದೆ. ಒಂದು ಹೆಸರು ಸಿಕ್ಕಿದರೆ ಅದನ್ನು ಒಂದೇ ಕಥೆಯಲ್ಲಿ ಬಿಡಬೇಡಿ, ದಾಖಲೆಯಿಂದ ದಾಖಲೆಗೆ ಹಿಂಬಾಲಿಸಿ. ಬಟ್ಟೆ ಒಗೆಯುವ ಹೆಂಗಸರು ಕಾಗದ ಬರೆದದ್ದು ಯಾವ ಮೇಯರಿಗೆ? ಜೇಮ್ಸ್ ಇಂಗ್ಲಿಷ್ ಎಂಬವನಿಗೆ. ಯುದ್ಧದಲ್ಲಿ ದಕ್ಷಿಣದ ಪಡೆಯಲ್ಲಿದ್ದವನು, ಊರಿನಲ್ಲಿ ಕ್ಯಾಪ್ಟನ್ ಇಂಗ್ಲಿಷ್ ಎಂದೇ ಮರ್ಯಾದೆ. ನಗರಸಭೆಯ ಕಾಗದಗಳಲ್ಲಿ ಅವನು ದಕ್ಷ ಆಡಳಿತಗಾರ. ಅದೇ ಹೆಸರನ್ನು ರಾಜ್ಯದ ಸೆರೆಮನೆ ಇಲಾಖೆಯ ಕಾಗದಗಳಲ್ಲಿ ಹುಡುಕಿದರೆ ಚಟ್ಟಾಹೂಚಿ ಬ್ರಿಕ್ ಕಂಪನಿ ಸಿಗುತ್ತದೆ.

ಊರಿನ ವಾಯವ್ಯಕ್ಕೆ, ಚಟ್ಟಾಹೂಚಿ ನದಿಯ ದಂಡೆಯಲ್ಲಿ 1878ರಲ್ಲಿ ಶುರುವಾದ ಇಟ್ಟಿಗೆ ಕಾರ್ಖಾನೆ ಅದು. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೆ ಜಾರ್ಜಿಯಾ ಸರ್ಕಾರ ತನ್ನ ಕೈದಿಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲು ತೊಡಗಿತು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಎಷ್ಟೋ ಮಂದಿಯ ಅಪರಾಧ ಬೀದಿಯಲ್ಲಿ ಕೆಲಸವಿಲ್ಲದೆ ತಿರುಗಿದ್ದು, ಪುಡಿಗಳ್ಳತನ, ಇಂಥವು. ಆ ಕೈದಿಗಳು ಇಂಗ್ಲಿಷನ ಕಾರ್ಖಾನೆಯಲ್ಲಿ ಮಣ್ಣು ಅಗೆದರು, ಹಸಿ ಇಟ್ಟಿಗೆಯನ್ನು ಗೂಡಿಗೆ ಹೊತ್ತರು, ಸುಟ್ಟ ಇಟ್ಟಿಗೆಯನ್ನು ಗೂಡು ಆರುವ ಮೊದಲೇ ಹೊರಗೆ ತೆಗೆದರು. 1908ರಲ್ಲಿ ರಾಜ್ಯದ ಶಾಸಕರ ಸಮಿತಿ ವಿಚಾರಣೆ ನಡೆಸಿದಾಗ ಚಾವಟಿಯೇಟು, ಕೊಳೆತ ಊಟ, ಸಾವುಗಳ ಬಗ್ಗೆ ಸಾಕ್ಷಿಗಳು ಹೇಳಿದ್ದೆಲ್ಲ ದಾಖಲಾಯಿತು. ಆ ವರ್ಷವೇ ಕೈದಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ರದ್ದುಮಾಡುವ ಕಾನೂನು ಬಂತು. ಪತ್ರಕರ್ತ ಡಗ್ಲಸ್ ಬ್ಲ್ಯಾಕ್‌ಮನ್ ಇದನ್ನೆಲ್ಲ ಕಲೆಹಾಕಿ 2008ರಲ್ಲಿ ಬರೆದ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ವರ್ಷಕ್ಕೆ ಕೋಟಿಗಟ್ಟಲೆ ತಯಾರಾದ ಆ ಇಟ್ಟಿಗೆಗಳು ಅಟ್ಲಾಂಟಾದ ಮನೆಗಳ ಗೋಡೆಗಳಲ್ಲಿ, ಬೀದಿಗಳಲ್ಲಿ ಸೇರಿಕೊಂಡಿವೆ. ಸ್ಯಾನ್‌ಬಾರ್ನ್ ನಕ್ಷೆಯ ನಸುಗೆಂಪು ಚೌಕಗಳನ್ನು ನೋಡುವಾಗ ಇದು ನೆನಪಿರಬೇಕು. ಆ ಜಾಗದಲ್ಲಿ ಬೇರೆ ಉದ್ಯಮ ಬರುವುದನ್ನು ಸುತ್ತಲಿನ ನಿವಾಸಿಗಳೂ ಕೈದಿಗಳ ವಂಶಸ್ಥರೂ ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ 2022ರಲ್ಲಿ ನಗರಾಡಳಿತವೇ ಅದನ್ನು ಕೊಂಡುಕೊಂಡಿತು.

ಒಬ್ಬನೇ ಮನುಷ್ಯ, ಎರಡು ಕಡತ. ಹೆಂಗಸರ ಮುಷ್ಕರದ ಕಥೆಯನ್ನಷ್ಟೇ ಓದಿದವರಿಗೆ ಅವನು ಕಾಗದ ಪಡೆದ ಮೇಯರ್. ಸೆರೆಮನೆಯ ಕಡತವನ್ನಷ್ಟೇ ಓದಿದವರಿಗೆ ಕೈದಿಗಳನ್ನು ದುಡಿಸಿಕೊಂಡ ಉದ್ಯಮಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗ ಆ ಊರಿನಲ್ಲಿ ಯಾರ ದುಡಿಮೆಯ ದರವನ್ನು ಯಾರು ಗೊತ್ತುಮಾಡುತ್ತಿದ್ದರು ಎಂಬುದು ಕಾಣುತ್ತದೆ. ದೇಶದ ಇತಿಹಾಸ ಬರೆಯುವವರಿಗೆ ಇಷ್ಟು ಸಣ್ಣ ಊರಿನ ಇಷ್ಟು ಸಣ್ಣ ಮೇಯರ್ ಬೇಕಾಗುವುದಿಲ್ಲ. ಸ್ಥಳೀಯ ಚರಿತ್ರೆಕಾರನಿಗೆ ಬೇಕು. ನನ್ನ ಮಟ್ಟಿಗೆ ಈ ವಿದ್ಯೆಯ ಹಿರಿಮೆ ಇರುವುದೇ ಇಲ್ಲಿ.

ಪತ್ರಿಕೆಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. 1906ರ ಸೆಪ್ಟೆಂಬರ್ 22ರ ಶನಿವಾರ ಸಂಜೆ ಅಟ್ಲಾಂಟಾದ ಪತ್ರಿಕೆಗಳು ಒಂದರ ಮೇಲೊಂದು ವಿಶೇಷ ಸಂಚಿಕೆ ಹೊರಡಿಸಿದವು. ಕಪ್ಪು ಗಂಡಸರು ಬಿಳಿಯ ಹೆಂಗಸರ ಮೇಲೆ ಬಿದ್ದರೆಂಬ ಹುರುಳಿಲ್ಲದ ಸುದ್ದಿಗಳು. ಆ ಬೇಸಿಗೆಯಲ್ಲಿ ರಾಜ್ಯಪಾಲನ ಹುದ್ದೆಗೆ ಸೆಣಸಿದ ಇಬ್ಬರಿಗೂ ಪತ್ರಿಕೆಗಳ ನಂಟಿತ್ತು. ಹೋಕ್ ಸ್ಮಿತ್ ಹಿಂದೆ ‘ಅಟ್ಲಾಂಟಾ ಜರ್ನಲ್’ನ ಪ್ರಕಾಶಕನಾಗಿದ್ದವನು, ಕ್ಲಾರ್ಕ್ ಹೊವೆಲ್ ‘ಕಾನ್‌ಸ್ಟಿಟ್ಯೂಷನ್’ನ ಸಂಪಾದಕ. ಕಪ್ಪು ಜನರ ಮತದಾನದ ಹಕ್ಕನ್ನು ಯಾರು ಹೆಚ್ಚು ಬಿಗಿಯಾಗಿ ಅದುಮುತ್ತಾರೆ ಎಂಬುದರಲ್ಲೇ ಪೈಪೋಟಿ. ಆ ಸಂಜೆ ಶುರುವಾದ ಕಗ್ಗೊಲೆ ದಿನಗಟ್ಟಲೆ ನಡೆಯಿತು. ಕನಿಷ್ಠ ಇಪ್ಪತ್ತೈದು ಕಪ್ಪು ಜನ ಸತ್ತರು, ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎನ್ನುವ ವಿದ್ವಾಂಸರಿದ್ದಾರೆ. ನಾವು ಆಧಾರವೆಂದು ಹಿಡಿಯುವ ಪತ್ರಿಕೆಯೇ ಬೆಂಕಿ ಹಚ್ಚಿದ ಪತ್ರಿಕೆಯೂ ಆಗಿದ್ದಾಗ ಬೇರೆಡೆ ಹುಡುಕಲೇಬೇಕು. ಆದರೆ ಕಪ್ಪು ಜನರ ಪತ್ರಿಕೆ ‘ವಾಯ್ಸ್ ಆಫ್ ದ ನೀಗ್ರೋ’ದ ಸಂಪಾದಕ ಮ್ಯಾಕ್ಸ್ ಬಾರ್ಬರ್ ನಿಜ ಹೇಳಿದ ತಪ್ಪಿಗೆ ಊರು ಬಿಟ್ಟು ಶಿಕಾಗೋಗೆ ಹೋಗಬೇಕಾಯಿತು. ಆಗ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿದ್ದ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರ ಕಾಗದಪತ್ರಗಳು ಇವತ್ತು ದೂರದ ಮ್ಯಾಸಚೂಸೆಟ್ಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿವೆ. ಒಂದು ಊರಿನ ಚರಿತ್ರೆಯ ಆಧಾರಗಳು ಆ ಊರಿನಲ್ಲೇ ಇರುತ್ತವೆ ಎಂದು ನಂಬಿ ಕೂರಬಾರದು. ಊರು ಯಾರನ್ನು ಓಡಿಸಿತೋ ಅವರ ಬೆನ್ನಲ್ಲೇ ಆಧಾರಗಳೂ ಹೋಗಿರುತ್ತವೆ.

ಇನ್ನು ಆಧಾರಗಳನ್ನು ಇಟ್ಟ ಮನೆಗಳ ಮಾತು. ಗ್ರಂಥಾಲಯ ಎಂದರೆ ಎಲ್ಲರಿಗೂ ತೆರೆದ ಬಾಗಿಲು ಎಂದು ನಾವು ಭಾವಿಸುತ್ತೇವೆ. ಅಟ್ಲಾಂಟಾದ ಕಾರ್ನೆಗಿ ಗ್ರಂಥಾಲಯ 1902ರಲ್ಲಿ ತೆರೆದಾಗ ಕಪ್ಪು ಜನರಿಗೆ ಪ್ರವೇಶ ಕೊಡಿ ಎಂದು ಡು ಬಾಯ್ಸ್ ಮತ್ತು ಜೊತೆಗಾರರು ಆಡಳಿತ ಮಂಡಳಿಯ ಮುಂದೆ ಹೋಗಿ ಕೇಳಿದರು. ಸಿಗಲಿಲ್ಲ. ಕಪ್ಪು ಜನರಿಗೆಂದು ಆಬರ್ನ್ ಅವೆನ್ಯೂವಿನಲ್ಲಿ ಒಂದು ಶಾಖೆ ತೆರೆದದ್ದು 1921ರಲ್ಲಿ. ಅಲ್ಲಿಗೆ 1934ರಲ್ಲಿ ಬಂದ ಗ್ರಂಥಪಾಲಕಿ ಆನಿ ಮ್ಯಾಕ್‌ಫೀಟರ್ಸ್ ತಮ್ಮ ಜನರ ಚರಿತ್ರೆಗೆ ಸಂಬಂಧಿಸಿದ ಪುಸ್ತಕಗಳನ್ನು ಒಂದೊಂದಾಗಿ ಸೇರಿಸಿ ಪ್ರತ್ಯೇಕ ಸಂಗ್ರಹ ಬೆಳೆಸಿದರು. ನಗರದ ಮುಖ್ಯ ಗ್ರಂಥಾಲಯದ ಸದಸ್ಯತ್ವ ಕಾರ್ಡು ಮೊದಲ ಬಾರಿಗೆ ಒಬ್ಬ ಕಪ್ಪು ಮಹಿಳೆಗೆ ಸಿಕ್ಕಿದ್ದು 1959ರಲ್ಲಿ. ಆಕೆ ಸ್ಪೆಲ್‌ಮನ್ ಕಾಲೇಜಿನ ಫ್ರೆಂಚ್ ಪ್ರಾಧ್ಯಾಪಕಿ ಐರೀನ್ ಡಾಬ್ಸ್ ಜಾಕ್ಸನ್. ಆಕೆಯ ಮಗ ಮೇನಾರ್ಡ್ ಜಾಕ್ಸನ್ 1973ರಲ್ಲಿ ಅಟ್ಲಾಂಟಾದ ಮೇಯರ್ ಆಗಿ ಆಯ್ಕೆಯಾದರು. ಮ್ಯಾಕ್‌ಫೀಟರ್ಸ್ ಅವರ ಆ ಸಂಗ್ರಹದಿಂದ ಬೆಳೆದದ್ದೇ 1994ರಲ್ಲಿ ತೆರೆದ ಆಬರ್ನ್ ಅವೆನ್ಯೂ ಸಂಶೋಧನಾ ಗ್ರಂಥಾಲಯ. ದಕ್ಷಿಣದ ನಗರಗಳ ಮೇಲೆ ಕೆಲಸ ಮಾಡುವವರಿಗೆ ಅದು ಇಂದು ದೊಡ್ಡ ಆಸರೆ. ಒಬ್ಬ ಗ್ರಂಥಪಾಲಕಿ ತನ್ನ ಶಾಖೆಯ ಕಪಾಟಿನಲ್ಲಿ ಏನನ್ನು ಉಳಿಸುತ್ತಾಳೆ ಎಂಬುದರ ಮೇಲೆ ಅರವತ್ತು ವರ್ಷಗಳ ನಂತರದ ಸಂಶೋಧನೆ ನಿಂತಿರುತ್ತದೆ. ಸಭೆಯಲ್ಲಿರುವ ಗ್ರಂಥಪಾಲಕರಿಗೆ ಈ ಮಾತನ್ನು ಗೌರವದಿಂದ ಹೇಳುತ್ತಿದ್ದೇನೆ.

ಸ್ಥಳೀಯ ಚರಿತ್ರೆ ಹೆಚ್ಚಾಗಿ ಹವ್ಯಾಸಿಗಳ ಬೆವರಿನಿಂದ ಬೆಳೆದದ್ದು. ಫ್ರಾಂಕ್ಲಿನ್ ಗ್ಯಾರೆಟ್ ಎಂಬವರು 1930ರ ದಶಕದಲ್ಲಿ ಊರಿನ ಸುತ್ತಲಿನ ಸ್ಮಶಾನಗಳಿಗೆ ಹೋಗಿ ಸಮಾಧಿ ಕಲ್ಲುಗಳನ್ನು ಒಂದೊಂದಾಗಿ ಓದಿ ಬರೆದುಕೊಂಡರು. 1954ರಲ್ಲಿ ಅವರು ಪ್ರಕಟಿಸಿದ ಎರಡು ದಪ್ಪ ಸಂಪುಟಗಳು ಇಲ್ಲದೆ ಇಂದಿಗೂ ಯಾರೂ ಅಟ್ಲಾಂಟಾದ ಮೇಲೆ ಬರೆಯಲಾರರು. ಅಷ್ಟು ಶ್ರದ್ಧೆಯಿಂದ ಕಲೆಹಾಕಿದ ಅವರ ಮೃತರ ಪಟ್ಟಿ ಮುಖ್ಯವಾಗಿ ಬಿಳಿಯ ವಯಸ್ಕ ಗಂಡಸರದು. ಶ್ರದ್ಧೆ ಒಂದೇ ಸಾಲದು, ಯಾರನ್ನು ಎಣಿಸಬೇಕೆಂಬ ತೀರ್ಮಾನ ಶ್ರದ್ಧೆಗಿಂತ ಮೊದಲೇ ಆಗಿಬಿಟ್ಟಿರುತ್ತದೆ. 1850ರಲ್ಲಿ ಸ್ಥಾಪನೆಯಾದ ಓಕ್‌ಲ್ಯಾಂಡ್ ಸ್ಮಶಾನದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಗುಲಾಮರನ್ನು ಹೂಳಿದ್ದ ಒಂದು ಚೌಕವಿತ್ತು. 1877ರಲ್ಲಿ ಬಿಳಿಯರಿಗೆ ಜಾಗ ಬೇಕಾಯಿತೆಂದು ಅಲ್ಲಿದ್ದ ದೇಹಗಳನ್ನು ಅಗೆದು ತೆಗೆದು ಕಪ್ಪು ಜನರ ಪಾಲಿನ ನೆಲಕ್ಕೆ ಸಾಗಿಸಿದರು.

ಬರವಣಿಗೆಯಲ್ಲಿ ಉಳಿಯದವರನ್ನು ಮಾತಿನಲ್ಲಿ ಹಿಡಿದದ್ದು 1970ರ ದಶಕದ ಕೊನೆಯಲ್ಲಿ. ಅಟ್ಲಾಂಟಾದ ಒಂದು ಸಮುದಾಯ ರೇಡಿಯೊ ಕೇಂದ್ರದವರು ಟೇಪ್ ರೆಕಾರ್ಡರ್ ಹಿಡಿದುಕೊಂಡು ಊರಿನ ಮುದುಕರ ಬಳಿಗೆ ಹೋದರು. ಟ್ರಾಮ್ ಕಂಡಕ್ಟರು, ಅಡುಗೆಯವಳು, ಗಿರಣಿ ಕಾರ್ಮಿಕ, ಶಾಲೆಯ ಮೇಷ್ಟ್ರು, ಪೊಲೀಸು, ಕಪ್ಪು, ಬಿಳಿ ಇಬ್ಬರೂ. ಸುಮಾರು ಇನ್ನೂರು ಸಂದರ್ಶನಗಳಿಂದ ರೇಡಿಯೊ ಸರಣಿಯಾಯಿತು, 1990ರಲ್ಲಿ ‘ಲಿವಿಂಗ್ ಅಟ್ಲಾಂಟಾ’ ಎಂಬ ಪುಸ್ತಕವಾಯಿತು. ಅದರ ಲೇಖಕರಲ್ಲಿ ಒಬ್ಬರಾದ ಕ್ಲಿಫರ್ಡ್ ಕೂನ್ 1906ರ ಕಗ್ಗೊಲೆ ನಡೆದ ಬೀದಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ತೋರಿಸುತ್ತಿದ್ದರು. ಶತಮಾನದ ನೆನಪಿನ ವರ್ಷವಾದ 2006ರಲ್ಲಿ ನಾಗರಿಕರು ಒಕ್ಕೂಟ ಕಟ್ಟಿಕೊಂಡು ಆ ಘಟನೆಯನ್ನು ಊರಿನ ಬಾಯಿಗೆ ಮತ್ತೆ ತಂದದ್ದರ ಹಿಂದೆ ಇಂಥ ನಡಿಗೆಗಳ ಶ್ರಮವಿದೆ.

ಇತ್ತೀಚಿನ ಕಾಲದ ಮೇಲೆ ಕೆಲಸ ಮಾಡುವವರಿಗೆ ಪೇಟನ್ ರಸ್ತೆಯ ಗೋಡೆ ಒಳ್ಳೆಯ ಪಾಠ. 1962ರ ಡಿಸೆಂಬರಿನಲ್ಲಿ ನೈಋತ್ಯದ ಒಂದು ಬಿಳಿಯರ ಬಡಾವಣೆಗೆ ಕಪ್ಪು ಜನ ಮನೆ ಕೊಳ್ಳಲು ಬರುತ್ತಾರೆಂದು ನಗರಾಡಳಿತ ರಸ್ತೆಗೇ ಅಡ್ಡಗಟ್ಟೆ ಹಾಕಿತು. ಮೇಯರ್ ಐವನ್ ಅಲೆನ್ ಸಹಿ ಹಾಕಿದರು. 1963ರ ಮಾರ್ಚ್ 1ರಂದು ನ್ಯಾಯಾಲಯ ಅದು ಸಲ್ಲದೆಂದು ತೀರ್ಪು ಕೊಟ್ಟಿತು, ತಡೆ ತೆಗೆದರು. ಅದೇ ಅಲೆನ್ ಆ ವರ್ಷದ ಜುಲೈನಲ್ಲಿ ವಾಷಿಂಗ್ಟನ್ನಿಗೆ ಹೋಗಿ ನಾಗರಿಕ ಹಕ್ಕುಗಳ ಮಸೂದೆಯ ಪರವಾಗಿ ಸಾಕ್ಷ್ಯ ನುಡಿದರು. ದಕ್ಷಿಣದ ಮೇಯರೊಬ್ಬ ಆಗ ಹಾಗೆ ಮಾಡುವುದಕ್ಕೆ ಧೈರ್ಯ ಬೇಕಿತ್ತು. ಎರಡು ಕಾಗದಗಳ ಮೇಲೂ ಸಹಿ ಅವರದೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವವರು ಆ ಊರಿನಲ್ಲಿ ಎರಡೂ ಕಡೆ ಇದ್ದಾರೆ.

ಪತ್ರಾಗಾರವೆಂಬುದು ಒಮ್ಮೆ ಕಟ್ಟಿಬಿಟ್ಟರೆ ಮುಗಿಯಿತು ಎನ್ನುವ ಹಾಗಿಲ್ಲ. 2012ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾ ರಾಜ್ಯ ಪತ್ರಾಗಾರವನ್ನು ಹಣದ ಕೊರತೆಯಿಂದ ಸಾರ್ವಜನಿಕರಿಗೆ ಮುಚ್ಚುತ್ತೇವೆಂದು ಪ್ರಕಟಣೆ ಹೊರಟಿತು. ವಂಶಾವಳಿ ಹುಡುಕುವ ನಿವೃತ್ತರು, ಅಧ್ಯಾಪಕರು, ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದರು, ಶಾಸಕರ ಮೇಲೆ ಒತ್ತಡ ತಂದರು. ಬಾಗಿಲು ಪೂರ್ತಿ ಮುಚ್ಚುವುದು ತಪ್ಪಿತು. ಬಿಡುಗಡೆಯಾದವರ ಮೊಮ್ಮಕ್ಕಳ ಮಕ್ಕಳು ತಮ್ಮ ಮುತ್ತಜ್ಜಿಯ ಹೆಸರು ಹುಡುಕುವುದು ಅದೇ ಮೇಜುಗಳಲ್ಲಿ.

ಈಗ ಮೈಸೂರಿಗೆ ಬರುತ್ತೇನೆ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ 1940ರಿಂದ 1967ರವರೆಗೆ ಅಧ್ಯಕ್ಷರಾಗಿದ್ದವರು ಬೆಂಜಮಿನ್ ಮೇಸ್. ಗುಲಾಮರಾಗಿ ಹುಟ್ಟಿದ ತಂದೆತಾಯಿಗಳ ಮಗ. ಮಾರ್ಟಿನ್ ಲೂಥರ್ ಕಿಂಗ್ ಅವರ ಗುರು, 1968ರಲ್ಲಿ ಕಿಂಗ್ ಅವರ ಅಂತ್ಯಸಂಸ್ಕಾರದ ದಿನ ಚರಮಭಾಷಣ ಮಾಡಿದವರು ಇವರೇ. ಮುಂದೆ ಅಟ್ಲಾಂಟಾದ ಶಾಲಾ ಮಂಡಳಿಯ ಅಧ್ಯಕ್ಷರೂ ಆದರು. ಇಂಥ ಮೇಸ್ 1937ರ ಜನವರಿಯಲ್ಲಿ ಮೈಸೂರಿನಲ್ಲಿದ್ದರು. ವೈಎಂಸಿಎಯ ವಿಶ್ವ ಸಮ್ಮೇಳನ ಇಲ್ಲಿ ನಡೆದಾಗ ಪ್ರತಿನಿಧಿಯಾಗಿ ಬಂದಿದ್ದರು. ಬರುವ ಮೊದಲು ವಾರ್ಧಾದಲ್ಲಿ ಗಾಂಧೀಜಿಯವರೊಡನೆ ಸುದೀರ್ಘವಾಗಿ ಮಾತಾಡಿದ್ದರು.

ಮೈಸೂರಿನಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ತಮ್ಮ ಮಕ್ಕಳೊಡನೆ ಮಾತಾಡಲು ಅವರನ್ನು ಕರೆದರು. ಸಮ್ಮೇಳನಕ್ಕೆ ಬಂದಿದ್ದ ಅಮೆರಿಕನ್ನರಲ್ಲಿ ಬಿಳಿಯರೂ ಇದ್ದರು, ತಮ್ಮನ್ನೇ ಏಕೆ ಎಂದು ಮೇಸ್ ಕೇಳಿದರು. ಕಪ್ಪು ಮನುಷ್ಯರೇ ಬೇಕು ಎಂದರು ಮೇಷ್ಟ್ರು. ಸಭೆಯಲ್ಲಿ ಪರಿಚಯಿಸುವಾಗ, ಇವರೂ ಅಮೆರಿಕದಲ್ಲಿ ಅಸ್ಪೃಶ್ಯರೇ, ಆದರೂ ಇಷ್ಟು ಎತ್ತರಕ್ಕೆ ಬೆಳೆದಿದ್ದಾರೆ ಎಂಬರ್ಥದಲ್ಲಿ ಮಾತಾಡಿದರು. ಮೇಸ್‌ಗೆ ಮೊದಲು ದಿಗ್ಭ್ರಮೆಯಾಯಿತು, ಸಿಟ್ಟೂ ಬಂತು. ಸ್ವಲ್ಪ ಯೋಚಿಸಿದ ಮೇಲೆ ಆ ಮೇಷ್ಟ್ರ ಮಾತು ನಿಜವೆನ್ನಿಸಿತು: ತಾನು ಹುಟ್ಟಿದ ನಾಡಿನಲ್ಲಿ ತನಗೆ ಮುಚ್ಚಿದ ಬಾಗಿಲುಗಳು ಎಷ್ಟಿವೆ ಎಂಬುದು ನೆನಪಾಯಿತು. 1971ರಲ್ಲಿ ಬಂದ ‘ಬಾರ್ನ್ ಟು ರೆಬೆಲ್’ ಎಂಬ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಕಾರ್ನೆಗಿ ಗ್ರಂಥಾಲಯದ ಬಾಗಿಲು ತೆರೆಯಲು ಅವರು ಮೈಸೂರಿಗೆ ಬಂದಾಗ ಇನ್ನೂ ಇಪ್ಪತ್ತೆರಡು ವರ್ಷ ಬಾಕಿಯಿತ್ತು.

ಅಟ್ಲಾಂಟಾದ ಚರಿತ್ರೆಯ ಒಂದು ಪುಟ ಹೀಗೆ ಮೈಸೂರಿನ ಶಾಲಾಕೋಣೆಯಲ್ಲಿ ಬರೆಯಲ್ಪಟ್ಟಿದೆ, ಮೈಸೂರಿನ ಚರಿತ್ರೆಯ ಒಂದು ಪುಟ ಅಟ್ಲಾಂಟಾದವರ ಪುಸ್ತಕದಲ್ಲಿ ಅಚ್ಚಾಗಿದೆ. ಆ ಪುಟದಲ್ಲಿ ನಮ್ಮ ಮೇಷ್ಟ್ರ ಮಾತಿದೆ, ಆ ಮಕ್ಕಳ ಮಾತಿಲ್ಲ. ಇಲ್ಲಿ ಕುಳಿತಿರುವ ಎಂ.ಎ. ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳಬೇಕೆಂದು ಕೇಳುತ್ತೇನೆ. ನಾಲ್ವಡಿಯವರ ಕಾಲದ ಶಿಕ್ಷಣ ಇಲಾಖೆಯ ವಾರ್ಷಿಕ ವರದಿಗಳಿಂದ ಶುರುಮಾಡಿ. ಹುಡುಕುವಾಗ ‘ಆದಿ ಕರ್ನಾಟಕ’ ಎಂದು ಹುಡುಕಿ, ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಬಳಸಿದ್ದು ಅದು. ಶಾಲೆಗಳ ಪಟ್ಟಿ, ಮುಖ್ಯೋಪಾಧ್ಯಾಯರ ನೇಮಕದ ಕಡತಗಳನ್ನು ಪತ್ರಾಗಾರದಲ್ಲಿ ಕೇಳಿ. 1937ರ ಜನವರಿಯ ‘ತಾಯಿನಾಡು’ ಪತ್ರಿಕೆಯ ಸಂಚಿಕೆಗಳನ್ನು ತಿರುವಿಹಾಕಿ. ಸಮ್ಮೇಳನದ ವರದಿಯ ಕೆಳಗೆ ಬರುವ ಸಣ್ಣ ಸಣ್ಣ ಸುದ್ದಿಗಳನ್ನೂ ಬಿಡಬೇಡಿ. ಅಷ್ಟಾದ ಮೇಲೆ ಆ ಕೇರಿಗಳಿಗೆ ಹೋಗಿ. 1937ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನ ಮಕ್ಕಳು ಇವತ್ತು ಅರವತ್ತು, ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ, ಅಪ್ಪ ಹೇಳಿದ್ದನ್ನು ಕೇಳಿಸಿಕೊಂಡವರು. ಟೇಪ್ ರೆಕಾರ್ಡರ್ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಿಮ್ಮ ಕೈಯಲ್ಲಿರುವ ಫೋನು ಸಾಕು.